ಹಳೆ ಡೀಸೆಲ್ ಸ್ವಿಫ್ಟ್‌ನ ಪವರ್ ಜಾಸ್ತಿ ಮಾಡುವುದು ಹೇಗೆ?

ಹಳೆ ಸ್ವಿಫ್ಟ್ ಡೀಸೆಲ್‌ನ 1.3 ಲೀಟರ್ ಇಂಜಿನ್ ಹೊಸದಿದ್ದಾಗ 75 ಪಿಎಸ್ ಪವರ್, 190 ಎನ್‌ಎಂ ಟಾರ್ಕ್ (ಎಳೆಯುವ ಬಲ) ಕೊಡುತ್ತಿತ್ತು. ಅದಕ್ಕಿಂತ ಜಾಸ್ತಿ ಬೇಕು ಅನ್ನುವ ಮುಂಚೆ, ಕಳೆದುಹೋಗಿರುವ ಪವರ್ ವಾಪಸ್ ತನ್ನಿ. ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಹೊಸದು ಹಾಕಿಸಿ.

ಆಮೇಲೆ ಇಂಜಿನ್ ತಣ್ಣಗಿದ್ದಾಗ ಬಾನೆಟ್ ಎತ್ತಿ, ಟರ್ಬೊದಿಂದ (ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಭಾಗ) ಇಂಟರ್‌ಕೂಲರ್‌ಗೆ (ಆ ಗಾಳಿ ತಣಿಸುವ ಭಾಗ), ಅಲ್ಲಿಂದ ಇಂಜಿನ್‌ಗೆ ಹೋಗುವ ರಬ್ಬರ್ ಹೋಸ್‌ಗಳನ್ನು ಬಗ್ಗಿಸಿ ನೋಡಿ, ಕೆಳಗಡೆಯೂ ಬೆರಳಾಡಿಸಿ. ಸೀಳಿದ್ದರೆ ಬಾಯಿ ಬಿಡುತ್ತದೆ, ಬೆರಳಿಗೆ ಕಪ್ಪು ಎಣ್ಣೆ ಜಿಡ್ಡು ಅಂಟುತ್ತದೆ. ಟರ್ಬೊ ತುಂಬಿದ ಗಾಳಿ ಅಲ್ಲೇ ಸೋರಿಹೋದರೆ ಘಾಟಿಯಲ್ಲಿ ಗಾಡಿ ಹೇಗೆ ಎಳೆಯುತ್ತದೆ ಹೇಳಿ! ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್‌ಗೆ ಕಳಿಸುವ ಇಜಿಆರ್ ವಾಲ್ವ್‌ನಲ್ಲಿ ಮಸಿ ಕಟ್ಟಿದ್ದರೆ ಕ್ಲೀನ್ ಮಾಡಿಸಿ, ಮುಚ್ಚಿಸಬೇಡಿ.

ಇಷ್ಟಾದ ಮೇಲೆ ರೀಮ್ಯಾಪ್. ಅಂದರೆ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಸಾಫ್ಟ್‌ವೇರ್ ತಿದ್ದಿ ಡೀಸೆಲ್, ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಎರಡನ್ನೂ ಹದವಾಗಿ ಏರಿಸುತ್ತಾರೆ. ಸುಮ್ನೆ ಅಗ್ಗಕ್ಕೆ ಸಿಗುತ್ತದೆ ಅಂತ ಟ್ಯೂನಿಂಗ್ ಬಾಕ್ಸ್ (ಸೆನ್ಸರ್ ವೈರ್‌ಗೆ ಸಿಕ್ಕಿಸುವ ಪುಟ್ಟ ಡಬ್ಬಿ) ತರಬೇಡಿ. ಅಂಥ ಕೆಲವು ಬಾಕ್ಸ್‌ಗಳು ರೈಲ್ ಪ್ರೆಶರ್ (ಇಂಜೆಕ್ಟರ್‌ಗೆ ಹೋಗುವ ಡೀಸೆಲ್‌ನ ಒತ್ತಡ) ಕಡಿಮೆ ಇದೆ ಅಂತ ಇಸಿಯುಗೆ ತೋರಿಸಿ ಡೀಸೆಲ್ ಮಾತ್ರ ಜಾಸ್ತಿ ಸುರಿಸುತ್ತವೆ, ಹೊಗೆ, ಬಿಸಿ ಎರಡೂ ಏರುತ್ತವೆ.

ರೀಮ್ಯಾಪ್‌ಗೆ ಮುಂಚೆ ಕ್ಲಚ್ ನೋಡಿಕೊಳ್ಳಿ. ನಾಲ್ಕನೇ ಗೇರ್‌ನಲ್ಲಿ ಏರು ಹತ್ತುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಆರ್‌ಪಿಎಂ ಮಾತ್ರ ಏರಿ ವೇಗ ಏರದಿದ್ದರೆ, ಮೊದಲು ಕ್ಲಚ್ ಬದಲಿಸಿ. ರೀಮ್ಯಾಪ್ ವಿಷಯ ಇನ್ಶೂರೆನ್ಸ್‌ನವರಿಗೂ ತಿಳಿಸಿ.