ಕರೆಂಟು ಹೋದರೂ ಸಾಯದ ಸಾಕೆಟ್

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ಅಂಗಡಿಗಳ ತೂಕದ ಚೀಟಿಗಳು ಕಾಸರಗೋಡಿನ ಸರ್ವರಿಗೆ ಬಂದು ಸೇರಲು ನಾನು ಪೈಥಾನಿನಲ್ಲಿ ಟಿಸಿಪಿ ಸಾಕೆಟ್ (ಎರಡು ಯಂತ್ರಗಳ ನಡುವೆ ಬೈಟು ಸಾಗಿಸುವ ಸಂಪರ್ಕದ ತುದಿ) ಬಳಸಿದೆ. ವಿಳಾಸ ಹಿಡಿಯುವ ಬೈಂಡ್, ಕರೆಗೆ ಕಾಯುವ ಲಿಸನ್, ಕರೆ ಒಪ್ಪಿಕೊಳ್ಳುವ ಆಕ್ಸೆಪ್ಟ್ ಎಲ್ಲ ಹತ್ತು ಸಾಲಿನ ಕೆಲಸ. ಬೈಂಡ್‌ಗೆ ಮೊದಲು ವಿಳಾಸ ಮರುಬಳಕೆಯ ಆಯ್ಕೆ ಹಾಕಿರಬೇಕು. ಇಲ್ಲದಿದ್ದರೆ ಸರ್ವರ್ ನಿಲ್ಲಿಸಿ ಕೂಡಲೇ ಎಬ್ಬಿಸುವಾಗ ಹಳೆಯ ಸಂಪರ್ಕಗಳು ಟೈಮ್-ವೇಯ್ಟ್‌ನಲ್ಲಿ (ಲಿನಕ್ಸ್‌ನಲ್ಲಿ 60 ಸೆಕೆಂಡು; ಮುಚ್ಚಿದ ಮೇಲೂ ಕಾಯುವ ಸ್ಥಿತಿ) ಕೂತಿರುತ್ತವೆ, ಬೈಂಡ್ ಮೊಂಡು ಹಿಡಿಯುತ್ತದೆ.

ಟಿಸಿಪಿಗೆ ಚೀಟಿ ಗೊತ್ತಿಲ್ಲ, ಬೈಟುಗಳ ಹರಿವಷ್ಟೇ ಗೊತ್ತು. ಎರಡು ಚೀಟಿ ಒಟ್ಟಿಗೆ ಬರಬಹುದು, ಒಂದು ಚೀಟಿ ಮೂರು ತುಂಡಾಗಬಹುದು. ಅದಕ್ಕೆ ಪ್ರತಿ ಚೀಟಿಯ ಮುಂದೆ 4 ಬೈಟಿನಲ್ಲಿ ಅದರ ಉದ್ದ ಇಟ್ಟೆ. ಉದ್ದ ಎಣಿಸಬೇಕಾದ್ದು ಬೈಟಿನಲ್ಲಿ. ‘ಬದಿಯಡ್ಕ’ ಕಣ್ಣಿಗೆ 4 ಅಕ್ಷರ, ಗುಣಿತ, ಒತ್ತಿನ ಚಿಹ್ನೆಗಳನ್ನೂ ಬೇರೆಯಾಗಿ ಎಣಿಸುವ ಪೈಥಾನಿನ ಲೆಕ್ಕದಲ್ಲಿ 7, ಅಕ್ಷರವನ್ನು ಬೈಟಾಗಿಸುವ ಯುಟಿಎಫ್-8ರಲ್ಲಿ 21 ಬೈಟು. ಇಂಗ್ಲಿಷ್ ಹೆಸರು ಹಾಕಿ ಪರೀಕ್ಷಿಸಿದರೆ ಬೈಟಿನ ಬದಲು ಅಕ್ಷರ ಎಣಿಸಿದ ತಪ್ಪು ಸಿಕ್ಕುವುದೇ ಇಲ್ಲ. ಕನ್ನಡ, ಮಲಯಾಳದ ಹೆಸರು ಬಂದಾಗಲೇ ಬೀಳುವುದು. ಬೈಟುಗಳೆಲ್ಲ ಸೇರಿದ ಮೇಲೆಯೇ ಡಿಕೋಡ್, ಅಂದರೆ ಬೈಟನ್ನು ಮತ್ತೆ ಅಕ್ಷರ ಮಾಡುವುದು. ರಿಸೀವ್ ಖಾಲಿ ಕೊಟ್ಟರೆ ಆಚೆಯವರು ಮುಚ್ಚಿದ್ದಾರೆ ಎಂದರ್ಥ. ಅಲ್ಲಿ ಲೂಪಿನಿಂದ ಹೊರಬರದಿದ್ದರೆ ಸಿಪಿಯು ಸುಮ್ಮನೆ ಉರಿಯುತ್ತದೆ.

ನಿಜವಾದ ತಲೆನೋವು ಮಳೆಗಾಲದ್ದು. ಅಂಗಡಿಯಲ್ಲಿ ಕರೆಂಟು ಹೋದರೆ ಮುಚ್ಚುವ ಪ್ಯಾಕೆಟ್ ಕಳಿಸುವವರೇ ಇಲ್ಲ. ಸರ್ವರಿನ ಲೆಕ್ಕದಲ್ಲಿ ಸಂಪರ್ಕ ಇನ್ನೂ ಜೀವಂತ. ಕೀಪ್‌ಅಲೈವ್ (ಸುಮ್ಮನಿರುವ ಸಂಪರ್ಕದ ಆಚೆಯವರನ್ನು ‘ಇದ್ದೀರಾ’ ಎಂದು ಕೇಳುವ ವ್ಯವಸ್ಥೆ) ತಾನಾಗಿ ಚಾಲೂ ಇರುವುದಿಲ್ಲ; ಚಾಲೂ ಮಾಡಿದರೂ ಲಿನಕ್ಸ್ 7200 ಸೆಕೆಂಡು ಕಾಯ್ದು, ಆಮೇಲೆ 75 ಸೆಕೆಂಡಿಗೊಮ್ಮೆ 9 ಸಲ ಕೇಳುತ್ತದೆ, ಅಂದರೆ ಎರಡು ಗಂಟೆ ಮೀರಿತು. ನಾನು ಇದನ್ನು 60, 10, 3 ಎಂದು ಇಳಿಸಿದೆ. ಒಂದೂವರೆ ನಿಮಿಷದಲ್ಲಿ ಸತ್ತದ್ದು ತಿಳಿಯುತ್ತದೆ. ಕಳಿಸಿದ ಬೈಟಿಗೆ ಒಪ್ಪಿಗೆ ಬಾರದೆ ಉಳಿದಿದ್ದಾಗ ಮಾತ್ರ ಕೀಪ್‌ಅಲೈವ್ ಕೆಲಸಕ್ಕೆ ಬಾರದು, ಅದಕ್ಕೆ ಒಪ್ಪಿಗೆಗೆ ಕಾಯುವ ಗಡುವಾದ ಟಿಸಿಪಿ ಯೂಸರ್ ಟೈಮ್‌ಔಟ್ ಬೇರೆಯೇ ಹಾಕಬೇಕು.

ಕರೆಂಟು ಬಂದೊಡನೆ ಅಂಗಡಿಗಳೆಲ್ಲ ಒಟ್ಟಿಗೇ ನುಗ್ಗುತ್ತವೆ. ಕ್ಲೈಂಟು 1, 2, 4 ಸೆಕೆಂಡು ಎಂದು ದುಪ್ಪಟ್ಟು ಮಾಡುತ್ತ 60ರವರೆಗೆ ಕಾಯಲಿ, ಮೇಲೆ ಸ್ವಲ್ಪ ಯಾದೃಚ್ಛಿಕ ಸಮಯವೂ ಸೇರಲಿ.

ಸೆಂಡ್‌ಆಲ್ (ಬೈಟು ಕಳಿಸುವ ಆದೇಶ) ತಕರಾರಿಲ್ಲದೆ ಮುಗಿಯಿತೆಂದರೆ ಬೈಟು ಸ್ವಂತ ಯಂತ್ರದ ಕರ್ನೆಲ್ ಬಫರಿಗೆ (ಆಪರೇಟಿಂಗ್ ಸಿಸ್ಟಂ ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಜಾಗಕ್ಕೆ) ಇಳಿಯಿತೆಂದಷ್ಟೇ. ಡೇಟಾಬೇಸಿಗೆ ಬರೆದ ಮೇಲೆ ಸರ್ವರ್ ಚೀಟಿ ನಂಬರನ್ನು ತಿರುಗಿ ಕಳಿಸುತ್ತದೆ. ಅದು ಕೈಸೇರುವವರೆಗೆ ಕ್ಲೈಂಟು ಚೀಟಿಯನ್ನು ಡಿಸ್ಕಿನಲ್ಲೇ ಇಟ್ಟುಕೊಳ್ಳುತ್ತದೆ. ಒಂದೇ ಚೀಟಿ ಎರಡು ಸಲ ಬಂದರೆ ಅಂಗಡಿ ಮತ್ತು ಚೀಟಿ ನಂಬರಿನ ಜೋಡಿಗೆ ಹಾಕಿದ ಯೂನಿಕ್ ಇಂಡೆಕ್ಸ್ ಎರಡನೆಯದನ್ನು ತಡೆಯುತ್ತದೆ, ಸರ್ವರ್ ಮಾತ್ರ ಆಗಲೂ ಅದೇ ನಂಬರನ್ನೇ ಮರಳಿಸಬೇಕು.