ಕೌನ್ಸಿಲ್‌ಗೆ ದೂರು ಬರೆದದ್ದು: ಸೆಕ್ಷನ್ ಎಫ್ ಹಿಡಿದುಕೊಂಡು

ಇಂಗ್ಲೆಂಡಿನ ಕನ್ನಡದ ಮನೆಗಳಲ್ಲಿ, ವಿಶೇಷ ಅಗತ್ಯದ ಮಗು ಇರುವ ಕಡೆ, ನಾನು ಮತ್ತೆ ಮತ್ತೆ ಕೇಳುವ ಮಾತು ಒಂದೇ: "ಇಎಚ್‌ಸಿ ಪ್ಲಾನ್ ಏನೋ ಸಿಕ್ತು, ಆದ್ರೆ ಅದರಲ್ಲಿ ಬರೆದಿದ್ದು ನಡೀತಾನೇ ಇಲ್ಲ." ನಮ್ಮನೆಯದೂ ಅದೇ ಕಥೆ. ಇಎಚ್‌ಸಿ ಪ್ಲಾನ್ ಅಂದರೆ ಮಗುವಿಗೆ ಶಿಕ್ಷಣ, ಆರೋಗ್ಯ, ಆರೈಕೆಯಲ್ಲಿ ಯಾವ ನೆರವು ಬೇಕು ಅಂತ ಕೌನ್ಸಿಲ್ (ಸ್ಥಳೀಯ ಆಡಳಿತ) ಬರೆದುಕೊಡುವ ಕಾನೂನುಬದ್ಧ ದಾಖಲೆ. ಮಗನಿಗೆ ಆಟಿಸಂ ಇದೆ, ಮಾತು ತಡವಾಗಿ ಬಂತು. ವಾರಕ್ಕೊಮ್ಮೆ ಸ್ಪೀಚ್ ಥೆರಪಿ ಅಂತ ಪ್ಲಾನ್‌ನಲ್ಲಿ ಸ್ಪಷ್ಟವಾಗಿ ಬರೆದಿತ್ತು. ಒಂದು ಟರ್ಮ್ ಪೂರ್ತಿ ಕಳೆದರೂ ಥೆರಪಿಸ್ಟ್ ಬರಲೇ ಇಲ್ಲ. ದೂರು ಕೊಟ್ಟೆ, ಕೌನ್ಸಿಲ್‌ಗಳ ಮೇಲಿನ ದೂರು ನೋಡುವ ಸ್ವತಂತ್ರ ಅಧಿಕಾರಿ ಒಂಬುಡ್ಸ್‌ಮನ್‌ವರೆಗೂ ಹೋದೆ, ಕೆಲಸ ಆಯಿತು. ಹೇಗೆ ಮಾಡಿದೆ ಅಂತ ಬರೆಯುತ್ತಿದ್ದೇನೆ. ಇದು ಇಂಗ್ಲೆಂಡಿಗೆ ಮಾತ್ರ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ನಲ್ಲಿ ಕಾನೂನೇ ಬೇರೆ.

ಮೊದಲು ಶಾಲೆಯ ಸೆನ್ಕೊ, ಅಂದರೆ ವಿಶೇಷ ಅಗತ್ಯದ ಮಕ್ಕಳ ನೆರವು ನೋಡಿಕೊಳ್ಳುವ ಶಿಕ್ಷಕರನ್ನು ಕೇಳಿದೆ. ಎನ್‌ಎಚ್‌ಎಸ್‌ನವರು (ಸರ್ಕಾರಿ ಆರೋಗ್ಯ ಸೇವೆ) ಥೆರಪಿಸ್ಟ್ ಕಳಿಸಬೇಕು ಅಂದರು. ಎನ್‌ಎಚ್‌ಎಸ್‌ಗೆ ಫೋನ್ ಮಾಡಿದರೆ ಹುದ್ದೆ ಖಾಲಿ ಇದೆ, ಜನ ಸಿಕ್ಕಿಲ್ಲ. ಕೌನ್ಸಿಲ್‌ನ ಕೇಸ್ ಆಫೀಸರ್ "ಎನ್‌ಎಚ್‌ಎಸ್ ಜೊತೆ ಮಾತಾಡಿ" ಅಂತ ಮತ್ತೆ ಅಲ್ಲಿಗೇ ಕಳಿಸಿದರು. ಎಲ್ಲರೂ ಮರ್ಯಾದೆಯಿಂದಲೇ ಮಾತಾಡಿದರು. ಯಾರೂ ಸುಳ್ಳು ಹೇಳುತ್ತಿರಲಿಲ್ಲ ಕೂಡ. ಹಾಗಾಗಿಯೇ ಎಷ್ಟೋ ಅಪ್ಪ ಅಮ್ಮಂದಿರು ಇಲ್ಲೇ ಸುಸ್ತಾಗಿ ಕೂತುಬಿಡುತ್ತಾರೆ.

ಆದರೆ ಕಾನೂನಿನಲ್ಲಿ ಈ ಸುತ್ತಾಟಕ್ಕೆ ಜಾಗವೇ ಇಲ್ಲ. 2014ರ ಚಿಲ್ಡ್ರನ್ ಅಂಡ್ ಫ್ಯಾಮಿಲೀಸ್ ಆಕ್ಟ್‌ನ 42ನೇ ಕಲಂ ಪ್ರಕಾರ, ಪ್ಲಾನ್‌ನ ಸೆಕ್ಷನ್ ಎಫ್‌ನಲ್ಲಿ, ಅಂದರೆ ಕಲಿಕೆಯ ನೆರವಿನ ಭಾಗದಲ್ಲಿ, ಏನು ಬರೆದಿದೆಯೋ ಅದನ್ನು ಒದಗಿಸುವುದು ಕೌನ್ಸಿಲ್‌ನ ಹೊಣೆ. "ಪ್ರಯತ್ನಿಸಬೇಕು" ಅಂತಲ್ಲ, ಒದಗಿಸಲೇಬೇಕು. ಸಿಬ್ಬಂದಿ ಇಲ್ಲ, ಬಜೆಟ್ ಇಲ್ಲ ಅನ್ನುವುದು ಉತ್ತರ ಆಗುವುದಿಲ್ಲ. ಎನ್‌ಎಚ್‌ಎಸ್‌ನಲ್ಲಿ ಜನ ಇಲ್ಲದಿದ್ದರೆ ಪ್ರೈವೇಟ್ ಥೆರಪಿಸ್ಟ್‌ಗೆ ದುಡ್ಡು ಕೊಟ್ಟಾದರೂ ಕರೆಸಬೇಕು. ಹಾಗಾಗಿ ಕೈ ಯಾರು ಯಾರ ಕಡೆ ತೋರಿಸಿದರೂ ದೂರು ಹೋಗಬೇಕಾದದ್ದು ಕೌನ್ಸಿಲ್‌ಗೇ.

ಇಲ್ಲಿ ಎರಡು ವಿಷಯ ಮೊದಲೇ ನೋಡಿಕೊಳ್ಳಿ. ಥೆರಪಿ ಎಫ್‌ನಲ್ಲಿದೆಯೋ ಜಿ ಭಾಗದಲ್ಲಿದೆಯೋ? ಜಿ ಅಂದರೆ ಆರೋಗ್ಯದ ಭಾಗ, ಅದರ ಹೊಣೆ ಎನ್‌ಎಚ್‌ಎಸ್ ಮೇಲೆ ಬೀಳುತ್ತದೆ. ಮಗುವಿನ ಕಲಿಕೆಗೆ ಬೇಕಾದ ಸ್ಪೀಚ್ ಥೆರಪಿ ಎಫ್‌ನಲ್ಲೇ ಇರಬೇಕು. ಎರಡನೆಯದು ಎಫ್‌ನ ಭಾಷೆ. "ಅಗತ್ಯಕ್ಕೆ ತಕ್ಕಂತೆ", "ನಿಯಮಿತವಾಗಿ", "ಅವಕಾಶ ಕೊಡಲಾಗುವುದು" ಅಂತೆಲ್ಲ ಇದ್ದರೆ ದೂರಿಗೆ ಹಲ್ಲೇ ಇರುವುದಿಲ್ಲ. ವರ್ಷಕ್ಕೆ ಒಂದು ಸಲ ಬಂದು ಹೋದರೂ "ಕೊಟ್ಟಿದ್ದೇವೆ" ಅನ್ನಬಹುದು, ಅಲ್ವಾ? ನಮ್ಮ ಪ್ಲಾನ್‌ನಲ್ಲಿ ವಾರಕ್ಕೊಮ್ಮೆ ಅಂತ ಇದ್ದದ್ದೇ ನಮ್ಮನ್ನು ಉಳಿಸಿತು.

ಭಾಷೆ ಸರಿ ಇಲ್ಲ, ಗಂಟೆ ಕಡಿಮೆ ಹಾಕಿದ್ದಾರೆ, ಬೇರೆ ಶಾಲೆ ಬೇಕಿತ್ತು, ಪ್ಲಾನ್ ಕೊಡುವುದಕ್ಕೇ ಒಪ್ಪಲಿಲ್ಲ: ಇವೆಲ್ಲ ಟ್ರಿಬ್ಯೂನಲ್‌ನ, ಅಂದರೆ ಕೌನ್ಸಿಲ್ ತೀರ್ಮಾನದ ಮೇಲಿನ ಅಪೀಲು ಕೇಳುವ ನ್ಯಾಯಮಂಡಳಿಯ, ಕೆಲಸ. ತೀರ್ಮಾನದ ಪತ್ರ ಬಂದ ಎರಡು ತಿಂಗಳೊಳಗೆ ಅಪೀಲು ಹಾಕಬೇಕು. ಮೀಡಿಯೇಶನ್ (ಅಪೀಲಿಗೆ ಮೊದಲಿನ ಮಧ್ಯಸ್ಥಿಕೆ) ಸರ್ಟಿಫಿಕೇಟ್ ತೆಗೆದುಕೊಂಡಿದ್ದರೆ ಅದು ಸಿಕ್ಕಿದ ಮೇಲೆ ಒಂದು ತಿಂಗಳು, ಎರಡರಲ್ಲಿ ಯಾವುದು ತಡವೋ ಅದು. ಟ್ರಿಬ್ಯೂನಲ್‌ಗೆ ಹೋಗಬಹುದಾದ ವಿಷಯವನ್ನು ಒಂಬುಡ್ಸ್‌ಮನ್ ಮುಟ್ಟುವುದಿಲ್ಲ. ಅವರು ನೋಡುವುದು ಕೌನ್ಸಿಲ್ ತಡ ಮಾಡಿದ್ದನ್ನು, ಬರೆದುಕೊಟ್ಟದ್ದನ್ನು ಮಾಡದೇ ಇದ್ದದ್ದನ್ನು. ಕೋರಿಕೆ ಕೊಟ್ಟ ದಿನದಿಂದ 20 ವಾರದೊಳಗೆ ಅಂತಿಮ ಪ್ಲಾನ್ ಬರಬೇಕು. ಬರಲಿಲ್ಲ ಅಂದರೆ ಅದೂ ದೂರಿನ ವಿಷಯವೇ. ಎಷ್ಟೋ ಜನ ಟ್ರಿಬ್ಯೂನಲ್‌ನ ಜಗಳವನ್ನು ದೂರಿನ ಪತ್ರದಲ್ಲಿ ತುಂಬಿ, ಉತ್ತರಕ್ಕೆ ಕಾಯುತ್ತಾ ಅಪೀಲಿನ ಗಡುವು ಕಳೆದುಕೊಳ್ಳುತ್ತಾರೆ. ಅದು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಪತ್ರ ಬರೆಯುವ ಮೊದಲು ಸೆನ್ಕೊಗೆ ಒಂದು ಸಣ್ಣ ಇಮೇಲ್ ಕಳಿಸಿದೆ: ಈ ಟರ್ಮ್‌ನಲ್ಲಿ ಥೆರಪಿಸ್ಟ್ ನನ್ನ ಮಗನನ್ನು ನೋಡಿದ ದಿನಾಂಕಗಳನ್ನು ತಿಳಿಸಿ. ಜೊತೆಗೆ, ದೂರು ಶಾಲೆಯ ಮೇಲಲ್ಲ ಅಂತಲೂ ಸೇರಿಸಿದೆ. ಅವರಿಗೆ ಸಮಾಧಾನವೇ ಆದ ಹಾಗಿತ್ತು. ಒಂದೂ ಸೆಷನ್ ಆಗಿಲ್ಲ ಅಂತ ಸೀದಾ ಬರೆದುಕೊಟ್ಟರು. ಇಡೀ ದೂರಿನಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ನನ್ನ ಹತ್ತಿರ ಇರಲಿಲ್ಲ. ಫೋನಿನಲ್ಲಿ ಮಾತಾಡಿದ್ದಕ್ಕೆಲ್ಲ ತಕ್ಷಣ ಒಂದು ಇಮೇಲ್ ಹಾಕುತ್ತಿದ್ದೆ: "ಈಗ ತಾವು ಹೇಳಿದ್ದು ಹೀಗೆ, ತಪ್ಪಿದ್ದರೆ ತಿಳಿಸಿ." ಯಾರೂ ತಪ್ಪು ಅಂತ ಬರೆಯಲಿಲ್ಲ.

ಪತ್ರದ ಮೇಲುಗಡೆ "ಇದು ಸ್ಟೇಜ್ ಒನ್ ಔಪಚಾರಿಕ ದೂರು" ಅಂತ ಹಾಕಿದೆ. ಹಾಗೆ ಹಾಕದಿದ್ದರೆ ಅದು ಸುಮ್ನೆ ಮಾಹಿತಿ ಕೇಳಿದ್ದು ಅಂತ ಕೇಸ್ ಆಫೀಸರ್ ಟೇಬಲ್‌ಗೇ ವಾಪಸ್ ಹೋಗುತ್ತದೆ. ಕೆಳಗೆ ಮೂರು ಕಾಲಂ. ಎಡಗಡೆ ಎಫ್‌ನ ಸಾಲು, ಒಂದಕ್ಷರ ಬದಲಿಸದೆ. ನಡುವೆ ನಿಜವಾಗಿ ಆದದ್ದು. ಬಲಗಡೆ ಸಾಕ್ಷಿ, ದಿನಾಂಕದ ಸಮೇತ. ಅದರ ಕೆಳಗೆ ನನಗೆ ಬೇಕಾದ್ದು: ಯಾವ ದಿನದೊಳಗೆ ಥೆರಪಿ ಶುರುವಾಗಬೇಕು, ತಪ್ಪಿಹೋದ ಸೆಷನ್‌ಗಳಿಗೆ ಏನು ಮಾಡುತ್ತೀರಿ, ಬರಹದಲ್ಲಿ ಕ್ಷಮೆ. ಬೇಕಾದ್ದನ್ನು ನಾವೇ ಹೇಳದಿದ್ದರೆ ಬರುವುದು ಕ್ಷಮೆ ಒಂದೇ. ರಾತ್ರಿ ನಿದ್ದೆಗೆಟ್ಟದ್ದು, ಅತ್ತದ್ದು ಎಲ್ಲ ಬೇರೆ ಹಾಳೆಯಲ್ಲಿ ಬರೆದು ನನ್ನ ಹತ್ತಿರವೇ ಇಟ್ಟುಕೊಂಡೆ. ಮಗನಿಗೆ ಏನು ನಷ್ಟವಾಯಿತು ಅನ್ನುವುದನ್ನು ಮಾತ್ರ ಒಂದು ಪ್ಯಾರಾದಲ್ಲಿ ಹೇಳಿದೆ, ಶಾಲೆಯ ವರದಿಯ ಮಾತಿನಲ್ಲೇ. ಊರಲ್ಲಿ ಅರ್ಜಿ ಬರೆದು ರೂಢಿಯಾದ ನಮಗೆ "ದಯಮಾಡಿ ಕೃಪೆ ತೋರಬೇಕು" ಅನ್ನುವ ಧಾಟಿ ತಾನೇ ತಾನಾಗಿ ಬರುತ್ತದೆ. ಅದನ್ನೆಲ್ಲ ಹೊಡೆದು ಹಾಕಿದೆ.

ಅತ್ತೆ ಮೈಸೂರಿನಿಂದ ಫೋನಿನಲ್ಲಿ "ಮಗು ಅವರ ಕೈಯಲ್ಲಿದೆ ಕಣಮ್ಮ, ಯಾಕೆ ಎದುರು ಹಾಕ್ಕೋತೀಯ?" ಅಂದರು. ಇಲ್ಲಿನ ಗೆಳತಿಯರ ಭಯ ಬೇರೆ: ವೀಸಾಕ್ಕೆ ತೊಂದರೆ ಆಗಲ್ವಾ? ಆಗುವುದಿಲ್ಲ. ಸರ್ಕಾರಿ ನೆರವು ಪಡೆಯಬಾರದು ಅನ್ನುವ ಷರತ್ತು ವರ್ಕ್ ವೀಸಾದಲ್ಲಿ ಇರುತ್ತದೆ ನಿಜ. ಆದರೆ ಸರ್ಕಾರಿ ಶಾಲೆಯ ಓದಾಗಲಿ ಇಎಚ್‌ಸಿ ಪ್ಲಾನ್ ಆಗಲಿ ಆ ಪಟ್ಟಿಯಲ್ಲಿಲ್ಲ. ಆದರೆ ಡಿಎಲ್‌ಎ ಅನ್ನುವ ಅಂಗವಿಕಲ ಮಕ್ಕಳ ಭತ್ಯೆ ಪಟ್ಟಿಯಲ್ಲಿದೆ. ಅದಕ್ಕೆ ಅರ್ಜಿ ಹಾಕುವ ಮೊದಲು ವಿಚಾರಿಸಿ.

ಸ್ಟೇಜ್ ಒನ್ ಉತ್ತರದಲ್ಲಿ ವಿಷಾದ ಇತ್ತು, ದೇಶದ ತುಂಬ ಥೆರಪಿಸ್ಟ್‌ಗಳ ಕೊರತೆ ಅನ್ನುವ ಪ್ಯಾರಾ ಇತ್ತು, ದಿನಾಂಕ ಇರಲಿಲ್ಲ. ಸ್ಟೇಜ್ ಟೂಗೆ ಉದ್ದ ಬರೆಯಲಿಲ್ಲ. ಕೊರತೆ ಇದೆ ಅಂತ ಒಪ್ಪುತ್ತೇನೆ, 42ನೇ ಕಲಂನಲ್ಲಿ ಕೊರತೆಗೆ ವಿನಾಯಿತಿ ಎಲ್ಲಿದೆ ತೋರಿಸಿ ಅಂತ ಕೇಳಿದೆ, ಅಷ್ಟೇ. ಅಲ್ಲೂ ಅದೇ ಉತ್ತರ ಬಂದ ಮೇಲೆ ಲೋಕಲ್ ಗವರ್ನಮೆಂಟ್ ಅಂಡ್ ಸೋಶಿಯಲ್ ಕೇರ್ ಒಂಬುಡ್ಸ್‌ಮನ್‌ಗೆ ಆನ್‌ಲೈನ್ ಫಾರಂ ತುಂಬಿದೆ. ಫೀಸಿಲ್ಲ, ವಕೀಲರೂ ಬೇಡ. ಸಮಸ್ಯೆ ಗೊತ್ತಾದ 12 ತಿಂಗಳೊಳಗೆ ಹೋಗಬೇಕು. ಅವರ ವೆಬ್‌ಸೈಟಿನಲ್ಲಿ ಹಳೆಯ ತೀರ್ಮಾನಗಳಿವೆ, ಕೌನ್ಸಿಲ್ ಹೆಸರು ಹಾಕಿ ಹುಡುಕಬಹುದು. ಮಕ್ಕಳ ಹೆಸರು ಇರುವುದಿಲ್ಲ. ಫಾರಂ ತುಂಬುವ ಮೊದಲು ನಮ್ಮಂಥವೇ ಕೇಸುಗಳನ್ನು ಹುಡುಕಿ ಓದಿದೆ. ಅವರು ಏನನ್ನು ತಪ್ಪು ಅಂತ ಎಣಿಸುತ್ತಾರೆ ಅನ್ನುವುದು ಅಲ್ಲೇ ತಿಳಿಯುತ್ತದೆ. ಕಲಿಕೆಯ ನೆರವು ತಪ್ಪಿಹೋದರೆ ಒಂದು ಟರ್ಮ್‌ಗೆ 900ರಿಂದ 2,400 ಪೌಂಡ್‌ವರೆಗೆ ಪರಿಹಾರ ಸೂಚಿಸಬಹುದು ಅಂತ ಅವರ ಮಾರ್ಗದರ್ಶಿಯಲ್ಲೇ ಇದೆ.

ಇಷ್ಟಕ್ಕೆಲ್ಲ ನಾನು ಯಾರಿಗೂ ದುಡ್ಡು ಕೊಡಲಿಲ್ಲ. ಇಪ್ಸಿಯಾ ಅನ್ನುವ ಸಂಸ್ಥೆಯ ಮಾದರಿ ಪತ್ರಗಳು, ಪ್ರತಿ ಕೌನ್ಸಿಲ್ ಪ್ರದೇಶದಲ್ಲೂ ಉಚಿತವಾಗಿ ಸಿಗುವ ಸೆಂಡಿಯಾಸ್ ಸಲಹೆ, ಇವೆರಡೇ ಸಾಕಾದವು.

ತೀರ್ಮಾನ ನಮ್ಮ ಪರ ಬಂತು. ಒಂಬುಡ್ಸ್‌ಮನ್ ಹೇಳಿದ್ದನ್ನು ಮಾಡಲೇಬೇಕು ಅಂತ ಕಾನೂನಿಲ್ಲ, ಆದರೆ ಕೌನ್ಸಿಲ್‌ಗಳು ಸಾಮಾನ್ಯವಾಗಿ ಮಾಡುತ್ತವೆ. ನಮ್ಮವರೂ ಪ್ರೈವೇಟ್ ಥೆರಪಿಸ್ಟ್‌ರನ್ನು ಗೊತ್ತುಮಾಡಿದರು, ತಪ್ಪಿಹೋದ ಟರ್ಮ್‌ಗೆ ಪರಿಹಾರ ಕೊಟ್ಟರು. ಮುಂದಿನ ಆನ್ಯುಯಲ್ ರಿವ್ಯೂನಲ್ಲಿ ಎಫ್‌ಗೆ ಇನ್ನಷ್ಟು ಸೇರಿಸಲು ಕೇಳಿದೆ: ಪ್ರತಿ ಸೆಷನ್ ಎಷ್ಟು ನಿಮಿಷ, ನಡೆಸುವವರ ಅರ್ಹತೆ ಏನು, ಥೆರಪಿಸ್ಟ್ ರಜೆ ಹಾಕಿದರೆ ಬದಲಿ ಯಾವಾಗ. ಬದಲಾವಣೆಯ ಕರಡು ಬಂದಾಗ ಮೂರೂ ಇದ್ದವು, ಆದರೆ ವಾಕ್ಯದ ನಡುವೆ "ಸಾಮಾನ್ಯವಾಗಿ" ಅನ್ನುವ ಪದ ಹೊಸದಾಗಿ ಬಂದು ಕೂತಿತ್ತು. ಉತ್ತರಕ್ಕೆ 15 ದಿನ ಇರುತ್ತದೆ. ಅಂದೇ ಸಂಜೆ ಬರೆದು ತೆಗೆಸಿದೆ.