ನಾಲಿಗೆ ಕಚ್ಚುವುದು ಪೆರೀಕ್ ಅಲ್ಲ

ಪೈಪಿನಲ್ಲಿ ಸೇದುವ ವರ್ಜೀನಿಯಾ-ಪೆರೀಕ್ ತಂಬಾಕು ಮಿಶ್ರಣ (ವರ್ಜೀನಿಯಾ ಸಿಹಿ ಎಲೆ, ಪೆರೀಕ್ ಒತ್ತಿ ಹುಳಿಸಿದ ಖಾರದ ಎಲೆ) ನಾಲಿಗೆ ಕಚ್ಚಿದರೆ, ಅಂದರೆ ಉರಿಸಿದರೆ, ಎಲ್ಲರೂ ಬೈಯುವುದು ಪೆರೀಕನ್ನೇ. "ಪೆರೀಕ್ ಕಡಿಮಿ ಮಾಡ್ರಿ, ಸರಿ ಹೋಗ್ತೈತಿ" ಅಂತ ನನಗೂ ಹೇಳಿದರು. 20 ಪರ್ಸೆಂಟಿನಿಂದ 10ಕ್ಕೆ, ಆಮೇಲೆ 5ಕ್ಕೆ ಇಳಿಸಿದೆ. ನಾಲಿಗೆಯ ಉರಿ ಹಾಗೇ ಉಳಿಯಿತು, ರುಚಿ ಹೋಯಿತು. ಹೀಗೆ ಸುಟ್ಟ ದುಡ್ಡು ಹತ್ತಿರಹತ್ತಿರ ಏಳು ಸಾವಿರ.

ಕೊನೆಗೆ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿ ಮೂರು ಜಾಡಿ ಮಾಡಿದೆ: ಬರೀ ವರ್ಜೀನಿಯಾ 10 ಗ್ರಾಂ, 9ಕ್ಕೆ 1 ಪೆರೀಕ್, 8ಕ್ಕೆ 2. ಮೂರಕ್ಕೂ ಒಂದೇ ಅಳತೆಯ ಹೊಸ ಮೆಕ್ಕೆಜೋಳದ ದಿಂಡಿನ ಪೈಪ್. ಬ್ರಯರ್ ಮರದ ಪೈಪ್ ಬೇಡ, ಹಿಂದೆ ಸೇದಿದ ಲಟಾಕಿಯಾ (ಹೊಗೆ ಹಾಕಿ ಒಣಗಿಸಿದ ತಂಬಾಕು) ವಾಸನೆ ಅದರಲ್ಲಿ ಬಹಳ ದಿನ ಕೂತಿರುತ್ತದೆ. ನಾಲಿಗೆಯ ತುದಿ ಹೆಚ್ಚು ಸುಟ್ಟಿದ್ದು ಯಾವುದು? ಬರೀ ವರ್ಜೀನಿಯಾ! ಪೆರೀಕಿನ ಖಾರದ ಜಾಗವೇ ಬೇರೆ. ಬಾಯಲ್ಲಿರುವ ಹೊಗೆಯನ್ನು ಒಂಚೂರು ಮೂಗಿನಿಂದ ಬಿಟ್ಟು ನೋಡಿ, ಕರಿಮೆಣಸು ಕುಟ್ಟುವಾಗ ಬರುವಂಥ ಘಾಟು ಮೂಗಿನಲ್ಲೂ ಗಂಟಲಲ್ಲೂ ತಿಳಿಯುತ್ತದೆ. ತುದಿನಾಲಿಗೆ ಉರಿದರೆ ತಪ್ಪು ತೇವದ್ದು, ಇಲ್ಲವೇ ಎಳೆಯುವ ಅವಸರದ್ದು.

ತೇವವೇ ಬಳ್ಳಾರಿಯ ತೊಡಕು. ಬೇರೆ ಊರಿನವರು ಅರ್ಧ ಗಂಟೆ, ಮುಕ್ಕಾಲು ಗಂಟೆ ಆರಿಸಿ ಅನ್ನುತ್ತಾರೆ. ಮೇ ತಿಂಗಳ ಮಧ್ಯಾಹ್ನ ಇಲ್ಲಿ ಅಷ್ಟು ಹೊತ್ತು ಬಿಟ್ಟರೆ ನಶ್ಯವಾಗುತ್ತದೆ. ಫ್ಲೇಕನ್ನು (ಒತ್ತಿ ಹಾಳೆಯಂತೆ ಕತ್ತರಿಸಿದ ತಂಬಾಕು) ಮಡಿಸಿ ತುಂಬಿದರೆ ಮೇಲೆ ಗರಿಗರಿ, ಒಳಗೆ ಹಸಿ. ಆ ಹಸಿಯಿಂದೇಳುವ ಆವಿಯೇ ನಾಲಿಗೆ ಸುಡುವುದು. ಪೂರ್ತಿ ಒಣಗಿದ್ದು ದಬದಬ ಉರಿದು ಇನ್ನೂ ಬಿಸಿಯಾಗುತ್ತದೆ. ಹಾಗಾಗಿ ಮೊದಲು ಪೂರಾ ಉಜ್ಜಿ ಬಿಡಿಸಿ, ಕಾಗದದ ಮೇಲೆ ತೆಳ್ಳಗೆ ಹರಡಬೇಕು, ಫ್ಯಾನ್ ಬೇಡ. ಬೇಸಿಗೆಯಲ್ಲಿ ಎಂಟು-ಹತ್ತು ನಿಮಿಷ, ಮಳೆಗಾಲದಲ್ಲಿ ಇಪ್ಪತ್ತೈದು. ಚಿಟಿಕೆ ಹಿಡಿದು ಒತ್ತಿದರೆ ಮುದ್ದೆ ಆಗಬಾರದು, ಚುರುಚುರು ಅನ್ನಲೂಬಾರದು.

ಹೊಗೆ ಎಳೆಯುವುದು ನಿಮಿಷಕ್ಕೆ ಎರಡು ಸಲ, ಮೆಲ್ಲಗೆ. ಪೈಪಿನ ಬೌಲ್ ಕೆನ್ನೆಗೆ ತಾಗಿಸಲಾಗದಷ್ಟು ಬಿಸಿಯಾದರೆ ಕೆಳಗಿಡಿ. ಆರಿದರೆ ಆರಲಿ, ನಾನೇ ನಾಲ್ಕೈದು ಸಲ ಕಡ್ಡಿ ಗೀರುತ್ತೇನೆ. ಮೊದಲ ಭಾಗದಲ್ಲಿ ಒಣಹುಲ್ಲು, ನಿಂಬೆಸಿಪ್ಪೆಯ ರುಚಿ. ನಡುವೆ ಸುಟ್ಟ ಬ್ರೆಡ್. ಕೊನೆಯ ಮೂರನೇ ಒಂದು ಭಾಗದಲ್ಲಿ ಪೆರೀಕ್ ಬಾಯಿ ಬಿಡುತ್ತದೆ, ನಮ್ಮ ಕಡೆಯ ಅಂಜೂರ ಒಣಗಿದಾಗಿನ ಸಿಹಿ, ಹಿಂದೆ ಹುಣಸೆಯ ಹುಳಿ. ಅಲ್ಲಿಗೆ ಮುಟ್ಟದೆ ಅಂಕ ಕೊಟ್ಟವರ ಮಾತು ನಾನು ಕೇಳುವುದಿಲ್ಲ. ಒಗ್ಗರಣಿ-ಮಿರ್ಚಿ ತಿಂದು ಕೂತರೆ ಪೆರೀಕಿನ ಖಾರ ಎರಡು ತಾಸು ತಿಳಿಯದು. ಹಾಗಂತ ಖಾಲಿ ಹೊಟ್ಟೆಯೂ ಬೇಡ, ಬಿಕ್ಕಳಿಕೆ ಬಂದು ತಲೆ ಗಿರ್ರೆನ್ನುತ್ತದೆ. ಚಟ್ನಿಯಿಲ್ಲದ ಎರಡು ಇಡ್ಲಿ ಸಾಕು.

ನಡುವೆ ನಾಟಿ ಪೆರೀಕಿಗೂ ಕೈ ಹಾಕಿದ್ದೆ. ಪೆರೀಕಿನ ಮೂಲ ಅಮೆರಿಕದ ಲೂಸಿಯಾನಾದ ಸೇಂಟ್ ಜೇಮ್ಸ್ ಪ್ಯಾರಿಷ್ (ಜಿಲ್ಲೆ). ಅಲ್ಲಿ ಎಲೆಯನ್ನು ಓಕ್ ಪೀಪಾಯಿಗೆ ತುಂಬಿ, ಜಾಕ್ ಹಾಕಿ ಒತ್ತಿ, ತನ್ನದೇ ರಸದಲ್ಲಿ ವರ್ಷಕ್ಕೂ ಮೇಲೆ ಹುಳಿಯಲು ಬಿಡುತ್ತಾರೆ, ನಡುನಡುವೆ ಬಿಚ್ಚಿ ಗಾಳಿಗಿಟ್ಟು ಮತ್ತೆ ಒತ್ತುತ್ತಾರೆ. ನಾನು ಸ್ಟೀಲ್ ಡಬ್ಬಿಗೆ ಎಲೆತಂಬಾಕು ತುಂಬಿ ಕ್ಲಾಂಪ್ ಬಿಗಿದೆ. ಎಲೆ ಕುಗ್ಗಿದಂತೆ ಮತ್ತೆ ಬಿಗಿಯಬೇಕಿತ್ತು, ಬಿಗಿಯಲಿಲ್ಲ. ಮೇಲಿನ ಪದರ ರಸದಿಂದ ಮೇಲೆದ್ದು ಬೂಷ್ಟು ಹಿಡಿಯಿತು. ಮುನ್ನೂರು ಗ್ರಾಂ ತಿಪ್ಪೆಗೆ.

ಈಗ ನನ್ನ ಮಿಶ್ರಣದಲ್ಲಿ ಪೆರೀಕಿನ ಪಾಲು 10ಕ್ಕೂ 20 ಪರ್ಸೆಂಟಿಗೂ ನಡುವೆ ನಿಂತಿದೆ. ಎಷ್ಟು ಅಂತ ಕೇಳಬೇಡಿ. ಬೆರೆಸಿದ ಮೇಲೆ ಎರಡು ಹಲಗೆ ನಡುವೆ ಒತ್ತಿ, ಎರಡು ವಾರ ಜಾಡಿಯಲ್ಲಿಡುತ್ತೇನೆ. ಒತ್ತುವ ಮೊದಲು ಮಾಡುವುದು ಇನ್ನೊಂದಿದೆ, ಅದು ಸದ್ಯ ನನ್ನ ಹತ್ತಿರವೇ ಇರಲಿ.